ಬಟ್ಟೆ ನಿಮ್ಮದು, ದಾರ ನಿಮ್ಮದು, ದಾರಿ ನನ್ನದು

ಎಟ್ಸಿ ಎಂಬ ಅಮೆರಿಕದ ಆನ್‌ಲೈನ್ ಮಾರುಕಟ್ಟೆಯಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ಮಾರುವುದು ಧಾರವಾಡ ಕಸೂತಿಯ ನಕ್ಷೆ, ಅದೂ ಪಿಡಿಎಫ್ ಫೈಲಾಗಿ. ಕೊಂಡವರು ದುಡ್ಡು ಕಟ್ಟಿದ ಕೂಡಲೇ ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ, ಮನೆಯಲ್ಲೇ ಪ್ರಿಂಟ್ ತೆಗೆದು ತಮ್ಮ ಬಟ್ಟೆಯ ಮೇಲೆ ತಾವೇ ಹಾಕಿಕೊಳ್ಳುತ್ತಾರೆ. ಪಾರ್ಸೆಲ್ ಕಟ್ಟುವುದಿಲ್ಲ, ಅಂಚೆ ಕಚೇರಿಗೆ ಓಡುವುದಿಲ್ಲ, ಕಸ್ಟಮ್ಸ್ ತಾಪತ್ರಯವಿಲ್ಲ. ಇದನ್ನೆಲ್ಲ ಕೇಳಿದ ನಮ್ಮ ಅತ್ತಿ, "ಹಂಗಾರ ನೀ ಕೊಡೂದರ ಏನವಾ? ಅರಿವಿ ಇಲ್ಲ, ದಾರ ಇಲ್ಲ, ಕಾಗದಾನೂ ಇಲ್ಲ" ಅಂದರು. ಕೇಳಬೇಕಾದ ಪ್ರಶ್ನೆಯೇ ಅದು.

ತೇರು, ಗೋಪುರ, ಅಂಬಾರಿ ಹೊತ್ತ ಆನೆ, ತುಳಸಿ ವೃಂದಾವನ, ನವಿಲು, ತೊಟ್ಟಿಲು. ಇವು ಯಾರ ಸ್ವತ್ತೂ ಅಲ್ಲ. ಇಳಕಲ್ ಸೀರೆಯ ಸೆರಗಿನ ಮೇಲೆ, ಮಕ್ಕಳ ಕುಲಾವಿ ಕುಂಚಿಗೆಗಳ ಮೇಲೆ ತಲೆತಲಾಂತರದಿಂದ ಇವೆ. ಚಿತ್ರ ಬೇಕಾದವರಿಗೆ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಾಗಿರುವಾಗ ಚಿತ್ರಕ್ಕೆ ಯಾರೂ ಆರು ಡಾಲರ್ ಕೊಡುವುದಿಲ್ಲ.

ಕಸೂತಿ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಇದರಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳು. ಬಟ್ಟೆಯ ಎಳೆ ಎಣಿಸಿ ಹಾಕುವುದು, ಎಲ್ಲೂ ಗಂಟು ಹಾಕುವ ಹಾಗಿಲ್ಲ. ಗವಂತಿ ಮತ್ತು ಮುರಗಿಯಲ್ಲಂತೂ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕವಾಗಿರಬೇಕು. ಸೂಜಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತಾ ಹೋಗುತ್ತದೆ, ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತಾ ಬರುತ್ತದೆ. ನೇರ ಗೆರೆಯಾದರೆ ಇದು ಮಕ್ಕಳಾಟ. ಗೋಪುರ ಹಾಗಲ್ಲ, ಅದಕ್ಕೆ ಮೆಟ್ಟಿಲಿದೆ, ಕಳಸವಿದೆ, ಒಳಗೆ ಚೌಕಗಳಿವೆ, ಪಕ್ಕಕ್ಕೆ ಕವಲುಗಳಿವೆ. ಯಾವ ಕವಲನ್ನು ಹೋಗುವಾಗಲೇ ಮುಗಿಸಿಕೊಳ್ಳಬೇಕು, ಯಾವುದನ್ನು ಬರುವಾಗಿನ ದಾರಿಗೆ ಇಟ್ಟುಕೊಳ್ಳಬೇಕು ಎಂಬುದು ತಪ್ಪಿದರೆ ಸೂಜಿ ನಡುವೆಲ್ಲೋ ಸಿಕ್ಕಿಬೀಳುತ್ತದೆ. ದಾರ ಕತ್ತರಿಸಬೇಕು, ಇಲ್ಲವೇ ಹಿಂಬದಿಯಲ್ಲಿ ಉದ್ದಕ್ಕೆ ಎಳೆಯಬೇಕು. ಎರಡೂ ಕಸೂತಿಯಲ್ಲಿ ನಾಚಿಕೆಗೇಡು.

ನಮ್ಮ ಕಡೆ ಈ ದಾರಿಯನ್ನು ಯಾರೂ ಬರೆದಿಡಲಿಲ್ಲ. ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತವರು "ಈಗ ಮ್ಯಾಲ ಹೋಗು, ಅಲ್ಲಿ ಬಿಡು, ಹೊಳ್ಳಿ ಬರೂ ಮುಂದ ತುಂಬು" ಅಂತ ಹೇಳಿಕೊಡುತ್ತಿದ್ದರು. ಒಹಾಯೊದಲ್ಲೋ ಲೀಡ್ಸ್‌ನಲ್ಲೋ ಒಬ್ಬಳೇ ಕೂತು ಹೊಲಿಯುವವಳಿಗೆ ಪಕ್ಕದಲ್ಲಿ ಯಾರಿರುತ್ತಾರೆ? ನಾನು ಮಾರುವುದು ಆ ಪಕ್ಕದವರ ಮಾತನ್ನು. ಅತ್ತಿಗೆ ಹಾಗೇ ಹೇಳಿದೆ. "ಹೌದಲ್ಲ, ಅದು ರೊಕ್ಕಾ ಕೊಡೂವಂಥಾದ್ದ ಐತಿ ಬಿಡು" ಅಂದು ಚಹಾಕ್ಕೆ ನೀರಿಟ್ಟರು.

ನಕ್ಷೆ ಬರೆಯಲು ಇಂಕ್‌ಸ್ಕೇಪ್ ಬಳಸುತ್ತೇನೆ. ಪುಕ್ಕಟೆ ತಂತ್ರಾಂಶ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಚೌಕದ ಗ್ರಿಡ್ ಹಾಕಿಕೊಂಡು ಒಂದು ಹೊಲಿಗೆಗೆ ಒಂದು ಗೆರೆ. ಹೋಗುವ ದಾರಿಗೆ ಇಡೀ ಗೆರೆ, ಬರುವ ದಾರಿಗೆ ತುಂಡು ಗೆರೆ. ಬಣ್ಣದಿಂದಲೂ ಬೇರೆ ಮಾಡುತ್ತೇನೆ, ಆದರೆ ಬಣ್ಣವನ್ನೇ ನಂಬುವುದಿಲ್ಲ. ಎಷ್ಟೋ ಮಂದಿ ಕಪ್ಪು-ಬಿಳುಪಿನಲ್ಲೇ ಪ್ರಿಂಟ್ ತೆಗೆಯುತ್ತಾರೆ. ಕವಲು ಒಡೆಯುವ ಪ್ರತಿ ಜಾಗಕ್ಕೂ ಒಂದು ಅಂಕಿ. ಇದರಲ್ಲಿ ಚಿತ್ರ ಬಿಡಿಸುವುದು ಒಂದು ಸಂಜೆಯ ಕೆಲಸ, ದಾರಿ ಗೊತ್ತುಮಾಡುವುದೇ ದೊಡ್ಡದು. ಕೆಲವು ನಮೂನೆಗಳನ್ನು ಬೇರೆ ಬೇರೆ ತುದಿಯಿಂದ ಹೊಲಿದು ನೋಡಿದ ಮೇಲಷ್ಟೇ ಎಲ್ಲಿಂದ ಶುರುಮಾಡಿದರೆ ಸಲೀಸು ಎಂದು ತಿಳಿಯುತ್ತದೆ. ಕೊನೆಗೆ ಕಸೂತಿ ಬಾರದ ಯಾರಾದರೊಬ್ಬರ ಕೈಗೆ ನಕ್ಷೆ, ಸೂಜಿ, ದಾರ ಕೊಟ್ಟು ನಾನು ಬಾಯಿ ಮುಚ್ಚಿಕೊಂಡು ಎದುರು ಕೂರುತ್ತೇನೆ. ಅವರು ತಲೆ ಎತ್ತಿ ನನ್ನ ಮುಖ ನೋಡಿದ ಕಡೆ ಇನ್ನೊಂದು ಅಂಕಿಯೋ ಬಾಣದ ಗುರುತೋ ಬೇಕು ಎಂದರ್ಥ.

ಎಟ್ಸಿಯಲ್ಲಿ ಒಂದು ಲಿಸ್ಟಿಂಗ್‌ಗೆ (ಅಂದರೆ ಮಾರಾಟಕ್ಕಿಟ್ಟ ಒಂದು ಸರಕಿನ ಪುಟಕ್ಕೆ) ಐದು ಫೈಲು ಹಾಕಬಹುದು, ಒಂದೊಂದು 20 ಎಂಬಿ ಮೀರಬಾರದು. ನಕ್ಷೆಗಳಿಗೆ ಇದು ಧಾರಾಳ. ನಾನು ಎ4 ಅಳತೆಯದೊಂದು, ಅಮೆರಿಕದವರು ಬಳಸುವ ಲೆಟರ್ ಅಳತೆಯದೊಂದು ಬೇರೆ ಬೇರೆ ಕೊಡುತ್ತೇನೆ. ಎ4 ಹಾಳೆಯದನ್ನು ಲೆಟರ್ ಹಾಳೆಯಲ್ಲಿ ತೆಗೆದರೆ ಒಂದೋ ಅಂಚು ಕತ್ತರಿಸಿ ಹೋಗುತ್ತದೆ, ಇಲ್ಲ ಚೌಕಗಳು ಕುಗ್ಗುತ್ತವೆ. ಮೂರನೆಯದು ದಪ್ಪ ಗೆರೆಯ ದೊಡ್ಡ ನಕ್ಷೆ. ಹೊಲಿಯುವವರಲ್ಲಿ ಕನ್ನಡಕದವರೇ ಹೆಚ್ಚು. ನಾಲ್ಕನೆಯದು ಮೊದಲ ಸಲ ಹಾಕುವವರಿಗೆ ಕೈಪಿಡಿ: ಗಂಟಿಲ್ಲದೆ ಶುರುಮಾಡುವುದು ಹೇಗೆ, ದಾರದ ತುದಿ ಹುದುಗಿಸುವುದು ಹೇಗೆ ಎಂದು. ಅಳತೆಯ ಲೆಕ್ಕವನ್ನೂ ಬರೆದಿರುತ್ತೇನೆ. ಇಂಚಿಗೆ 14 ಚೌಕದ ಐಡಾ (ಚೌಕ ಎಣಿಸಿ ಹೊಲಿಯಲೆಂದೇ ನೇಯ್ದ) ಬಟ್ಟೆಯ ಮೇಲೆ 70 ಚೌಕದ ಗೋಪುರ ಐದು ಇಂಚು ಬರುತ್ತದೆ. ಇಂಚಿಗೆ 28 ಎಳೆಯ ಬಟ್ಟೆಯಲ್ಲಿ ಎರಡೆರಡು ಎಳೆ ಹಿಡಿದರೂ ಅಷ್ಟೇ. ದಾರದ ಬಣ್ಣವನ್ನು ಡಿಎಂಸಿ ಎಂಬ ದಾರದ ಕಂಪನಿಯ ನಂಬರಿನಲ್ಲಿ ಹೇಳಬೇಕು. ಕಪ್ಪು ಅಂದರೆ 310 ಎಂದು ಹೊಲಿಗೆಯವರಿಗೆಲ್ಲ ಬಾಯಿಪಾಠ.

ಹುಡುಕುವವರಿಗೆ ಸಿಗುವುದು ಇನ್ನೊಂದು ಕೆಲಸ. ಕಸೂತಿ ಎಂದು ಟೈಪ್ ಮಾಡಿ ಹುಡುಕುವವರು ಹೆಚ್ಚಾಗಿ ನಮ್ಮವರೇ, ದೂರದ ಊರಿನಲ್ಲಿ ಅಜ್ಜಿಯ ಸೀರೆ ನೆನಪಾದವರು. ಉಳಿದವರು ಬ್ಲ್ಯಾಕ್‌ವರ್ಕ್, ಹಾಲ್ಬೈನ್ ಸ್ಟಿಚ್ ಎಂದು ಹುಡುಕುತ್ತಾರೆ. ಇಂಗ್ಲೆಂಡಿನ ಆ ಹಳೆಯ ಹೊಲಿಗೆಯೂ ಹೋಗಿ-ಬರುವ ದಾರಿಯದೇ. ಹುಡುಕಿದಾಗ ಸಿಗಲೆಂದು ಲಿಸ್ಟಿಂಗ್‌ಗೆ ಅಂಟಿಸುವ ಪದಗಳು, ಅಂದರೆ ಟ್ಯಾಗ್, 13; ಒಂದೊಂದಕ್ಕೆ 20 ಅಕ್ಷರ. ಅವನ್ನು ಎರಡೂ ಗುಂಪಿಗೆ ಹಂಚುತ್ತೇನೆ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಟ್ಯಾಗಿನ ಗುಟ್ಟು ಕಲಿಸುತ್ತೇವೆ ಎನ್ನುವ ಕೋರ್ಸುಗಳಿಗೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ಬಟ್ಟೆ ಬರುತ್ತದೆ.

ಫೋಟೊ ಮಾತ್ರ ಬಹಳ ಮುಖ್ಯ. ಈಗ ಎಐ ಬಿಡಿಸಿದ ಹೊಲಿಗೆ ಚಿತ್ರಗಳು ಎಲ್ಲಾ ಕಡೆ ತುಂಬಿವೆ. ನೋಡಲು ಚಂದ, ಹೊಲಿಯಲು ಬಾರದು. ಎಐ ಬಳಸಿದ್ದರೆ ಹೇಳಲೇಬೇಕೆಂದು ಎಟ್ಸಿ 2024ರಲ್ಲಿ ನಿಯಮ ತಂದಿದೆ, ಆದರೆ ಕೊಳ್ಳುವವರ ಅನುಮಾನ ನಿಯಮದಿಂದ ಹೋಗುವುದಿಲ್ಲ. ಹಾಗಾಗಿ ಪ್ರತಿ ನಕ್ಷೆಯನ್ನೂ ನಾನೇ ಹೊಲಿದು, ಬೆಳಗಿನ ಬೆಳಕಿನಲ್ಲಿ ಫೋಟೊ ತೆಗೆದು ಹಾಕುತ್ತೇನೆ. ಎರಡನೆಯ ಫೋಟೊ ಬಟ್ಟೆಯ ಹಿಂಬದಿಯದು. "ಹಿಂಬದಿ ನೋಡಿ ಕೊಂಡೆ" ಎಂದು ಬರೆದವರು ಅನೇಕರಿದ್ದಾರೆ.

ಇನ್ನು ದುಡ್ಡಿನ ಲೆಕ್ಕ. ಒಂದು ಲಿಸ್ಟಿಂಗ್ ನಾಲ್ಕು ತಿಂಗಳು ಇರಲು 20 ಸೆಂಟ್. ಒಂದು ಮಾರಾಟವಾದರೆ ತಾನಾಗಿ ನವೀಕರಣವಾಗಿ ಮತ್ತೆ 20 ಸೆಂಟ್. ಬೆಲೆಯ ಮೇಲೆ ಕಮಿಷನ್ 6.5%, 2022ರ ಏಪ್ರಿಲ್‌ವರೆಗೆ ಅದು 5% ಇತ್ತು. ಪೇಮೆಂಟ್ ಶುಲ್ಕ ಬೇರೆ. ಈಗ ಎರಡು ಡಾಲರ್‌ಗೆ ಒಂದು ನವಿಲು ಇಟ್ಟರೆ ಕಮಿಷನ್ 13 ಸೆಂಟ್, ಲಿಸ್ಟಿಂಗ್ 20 ಸೆಂಟ್, ಒಟ್ಟು 33. ಅಂದರೆ ಆರರಲ್ಲೊಂದು ಭಾಗ ಆಗಲೇ ಹೋಯಿತು. ಅದೇ ನವಿಲನ್ನು ಬೇರೆ ನಮೂನೆಗಳ ಜೊತೆ ಕಟ್ಟು ಮಾಡಿ ಆರು ಡಾಲರ್‌ಗೆ ಇಟ್ಟರೆ 59 ಸೆಂಟ್, ಹತ್ತರಲ್ಲೊಂದು ಭಾಗಕ್ಕೂ ಕಡಿಮೆ. ಆದ್ದರಿಂದ ನನ್ನ ಅಂಗಡಿಯಲ್ಲಿ ಬಿಡಿ ನಮೂನೆಗಳು ಕಡಿಮೆ, ಕಟ್ಟುಗಳೇ ಹೆಚ್ಚು. ಎಟ್ಸಿ ಹೊರಗಿನ ತಾಣಗಳಲ್ಲಿ ಹಾಕುವ ಜಾಹೀರಾತಿನ ಮೂಲಕ ಬಂದ ಮಾರಾಟಕ್ಕೆ ಇನ್ನೂ 15% ಹಿಡಿಯುತ್ತದೆ. ವರ್ಷದ ವಹಿವಾಟು 10,000 ಡಾಲರ್ ಮುಟ್ಟದ ಅಂಗಡಿಯವರು ಇದು ಬೇಡ ಎನ್ನಬಹುದು, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ತೆಗೆಯಬೇಕು. ನಾನು ತೆಗೆದಿದ್ದೇನೆ.

"ಇಷ್ಟೆಲ್ಲ ಕೊಡೋ ಬದಲು ಸ್ವಂತ ವೆಬ್‌ಸೈಟ್ ಮಾಡಿಬಿಡಿ" ಎಂದು ಹೇಳುವವರಿಗೆ ನಾನು ಯುರೋಪಿನ ಮಾರಾಟ ತೆರಿಗೆ, ಅಂದರೆ ವ್ಯಾಟ್ ವಿಷಯ ಹೇಳುತ್ತೇನೆ. ಜರ್ಮನಿಯಲ್ಲಿ ಕೂತವರಿಗೆ ಧಾರವಾಡದಿಂದ ನೇರವಾಗಿ ಪಿಡಿಎಫ್ ಮಾರಿದರೆ ಅಲ್ಲಿನ ದರದಲ್ಲಿ ವ್ಯಾಟ್ ವಸೂಲು ಮಾಡಿ ಅಲ್ಲಿನ ಸರ್ಕಾರಕ್ಕೆ ಕಟ್ಟುವ ಹೊಣೆ ನನ್ನದಾಗುತ್ತದೆ. ಎಟ್ಸಿಯಲ್ಲಿ ಮಾರಿದರೆ ಡಿಜಿಟಲ್ ಫೈಲಿನ ವ್ಯಾಟ್ ಅನ್ನು ಅವರೇ ಹಿಡಿದು ಅವರೇ ಕಟ್ಟುತ್ತಾರೆ. ಈ ಒಂದು ತಲೆನೋವು ತಪ್ಪುವುದಕ್ಕೇ ಕಮಿಷನ್ ಕೊಡಬಹುದು ಎಂಬುದು ನನ್ನ ಲೆಕ್ಕಾಚಾರ. ಹಾಗೆಂದು ಗಿರಾಕಿ ನಮ್ಮವರಾಗುವುದಿಲ್ಲ, ಅವರು ಎಟ್ಸಿಯ ಗಿರಾಕಿಗಳೇ. ಅವರ ಇ-ಮೇಲ್ ವಿಳಾಸ ಹಿಡಿದು ನಾವು ಪ್ರಚಾರದ ಪತ್ರ ಕಳಿಸುವಂತಿಲ್ಲ. ಹಣ ಪಯೋನಿಯರ್ ಎಂಬ ಹಣ ರವಾನೆ ಕಂಪನಿಯ ಮೂಲಕ ಬ್ಯಾಂಕಿಗೆ ಬರುತ್ತದೆ. ವಿದೇಶದಿಂದ ಬಂದದ್ದಕ್ಕೆ ದಾಖಲೆ ಇಳಿಸಿಟ್ಟುಕೊಳ್ಳಿ, ಜಿಎಸ್‌ಟಿ ಮತ್ತು ಆದಾಯ ತೆರಿಗೆ ಎರಡರ ಬಗ್ಗೆಯೂ ಮೊದಲ ವರ್ಷವೇ ಒಬ್ಬ ಸಿಎ ಹತ್ತಿರ ಕೂತು ಮಾತಾಡಿ.

ಗಿರಾಕಿಗಳ ಪತ್ರ ಸಾಮಾನ್ಯವಾಗಿ ಎರಡೇ ತರಹ. ಒಂದು, "ನನ್ನ ಪಾರ್ಸೆಲ್ ಇನ್ನೂ ಬಂದಿಲ್ಲ". ಮೊದಲ ಫೋಟೊದ ಮೇಲೇ ಡಿಜಿಟಲ್ ಫೈಲ್ ಮಾತ್ರ ಎಂದು ದಪ್ಪಕ್ಷರದಲ್ಲಿ ಬರೆದರೂ ಇವು ಪೂರ್ತಿ ನಿಲ್ಲುವುದಿಲ್ಲ. ಸಿದ್ಧ ಉತ್ತರ ಇಟ್ಟುಕೊಂಡಿದ್ದೇನೆ. ಇನ್ನೊಂದು, "ನಿಮ್ಮ ನಕ್ಷೆಯಿಂದ ದಿಂಬಿನ ಚೀಲ ಹೊಲಿದು ಮಾರಬಹುದೇ?" ಕೈಯಾರೆ ಹೊಲಿದದ್ದನ್ನು ಧಾರಾಳವಾಗಿ ಮಾರಿ, ನಕ್ಷೆಯನ್ನು ಮಾತ್ರ ಹಂಚಬೇಡಿ ಎನ್ನುತ್ತೇನೆ. ಜೊತೆಗೆ ಕಸೂತಿಗೆ ಭೌಗೋಳಿಕ ಸೂಚಕ ಅಂದರೆ ಜಿಐ ಮಾನ್ಯತೆ ಇದೆ, ನೀವು ಅಲ್ಲಿ ಹೊಲಿದದ್ದನ್ನು ಧಾರವಾಡದ ಕಸೂತಿ ಎಂದು ಕರೆಯಬೇಡಿ ಎಂದೂ ಬರೆಯುತ್ತೇನೆ. ಇಲ್ಲಿ ದಿನಗೂಲಿಗೆ ಸೆರಗು ಹಾಕಿಕೊಡುವ ಹೆಂಗಸರ ಹೊಟ್ಟೆಯ ಮೇಲೆ ಹೊಡೆಯುವುದು ನನಗೆ ಬೇಕಿಲ್ಲ. ನಮ್ಮ ಕೈಕೆಲಸದ ಗುಟ್ಟನ್ನು ಹೊರಗಿನವರಿಗೆ ಮಾರುತ್ತೀ ಎಂದು ಒಬ್ಬರು ಮುಖಕ್ಕೇ ಹೇಳಿದ್ದುಂಟು. ಕೆಲಸಕ್ಕೆ ತಕ್ಕ ಕೂಲಿ ಇದ್ದಿದ್ದರೆ ಗುಟ್ಟನ್ನು ಕಲಿಯಲು ನಮ್ಮ ಹುಡುಗಿಯರೇ ಸಾಲು ನಿಲ್ಲುತ್ತಿದ್ದರು ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ.

ಕದಿಯುವವರು ಇದ್ದೇ ಇದ್ದಾರೆ. ಇನ್ನೊಂದು ಅಂಗಡಿಯವರು ನನ್ನ ಗೋಪುರದ ಮೊದಲ ಪುಟವನ್ನು ಹಾಗೇ ಎತ್ತಿ ಮಾರುತ್ತಿದ್ದರು. ಇಂಕ್‌ಸ್ಕೇಪಿನ ಮೂಲ ಫೈಲು, ಅದರ ತಾರೀಖು, ನಾನೇ ಹೊಲಿದ ಬಟ್ಟೆಯ ಫೋಟೊ ಎಲ್ಲ ಇದ್ದದ್ದರಿಂದ ಎಟ್ಸಿಯ ಕೃತಿಸ್ವಾಮ್ಯ ಅರ್ಜಿಯಲ್ಲಿ ದೂರು ಕೊಡುವುದು ಕಷ್ಟವಾಗಲಿಲ್ಲ, ಅದನ್ನು ತೆಗೆದುಹಾಕಿದರು. ಅಷ್ಟರಲ್ಲಿ ಅಲ್ಲಿ ಕೊಂಡಿದ್ದ ಒಬ್ಬರು ಹೇಗೋ ನನ್ನ ಅಂಗಡಿ ಪತ್ತೆಮಾಡಿ, ಕಳಸದ ಹತ್ತಿರ ಸೂಜಿ ಸಿಕ್ಕಿಕೊಂಡಿದೆ, ಮುಂದೇನು ಎಂದು ಕೇಳಿದ್ದರು. ಅವರ ಹತ್ತಿರ ಇದ್ದದ್ದು ಚಿತ್ರದ ಪುಟ ಮಾತ್ರ, ಅಂಕಿಗಳ ಪುಟ ಇರಲಿಲ್ಲ. ಕಳಿಸಿಕೊಟ್ಟೆ.

ಹೊಲಿಗೆಯವರು ಕ್ರಿಸ್ಮಸ್ಸಿಗೆ ಕೊಡಬೇಕಾದ್ದನ್ನು ಸೆಪ್ಟೆಂಬರ್‌ನಲ್ಲೇ ಶುರುಮಾಡುತ್ತಾರೆ. ಆದ್ದರಿಂದ ಹೊಸದೇನಿದ್ದರೂ ಗಣಪತಿ ಹಬ್ಬದ ಹೊತ್ತಿಗೆ ಅಂಗಡಿಗೆ ಏರಬೇಕು. ಈ ಸಲದ್ದು ತೇರು. ಗಾಲಿಗಳ ದಾರಿ ಕೂತಿದೆ, ಮೇಲಿನ ಪತಾಕೆಯದು ಇನ್ನೂ ಕೂತಿಲ್ಲ. ಅತ್ತಿ ಅದನ್ನು ಎಡಗಡೆಯಿಂದ ಹಿಡಿ ಅನ್ನುತ್ತಿದ್ದಾರೆ.