ಕಿಂಡಿಗೆ ಬಿದ್ದ ಗೋಡೆ, ಡಿಎಂಗೆ ಬಿದ್ದ ಪಾಠ

ಚಿತ್ರದುರ್ಗದ ಕೋಟೆಯನ್ನೇ ನಕಾಶೆ ಮಾಡಿಕೊಂಡು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ, ಡೈಸ್ ಎಸೆಯುತ್ತ ಪಾತ್ರ ವಹಿಸಿ ಕಥೆ ಕಟ್ಟುವ ಆಟ ಆಡಿಸಬೇಕೆಂಬುದು ನನ್ನ ಹಳೇ ಆಸೆ. ಏಳು ಸುತ್ತು, ಬಂಡೆ, ಹೊಂಡ, ಕಿಂಡಿ. ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್, ಆದವನಿಗೆ ಇನ್ನೇನು ಬೇಕು? ದಾವಣಗೆರೆಯ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಸಂಜೆ ಸೇರುತ್ತೇವೆ. 2014ರ 5ನೇ ಆವೃತ್ತಿಯ ನಿಯಮ, ಜೊತೆಗೆ ಮಂಡಕ್ಕಿ, ಮಿರ್ಚಿ.

ಆ ವಾರ ಶತ್ರು ಮಾಂತ್ರಿಕ ಓಬವ್ವನ ಕಿಂಡಿಗೆ ವಾಲ್ ಆಫ್ ಸ್ಟೋನ್ ಮಂತ್ರದಿಂದ ಕಲ್ಲಿನ ಗೋಡೆ ಹಾಕಿ, 10 ನಿಮಿಷ ಪೂರ್ತಿ ಏಕಾಗ್ರತೆ ಕೆಡದಂತೆ ನಿಂತು, ಹೊರಟುಹೋಗಿದ್ದ. ನಮ್ಮ ವಿಝಾರ್ಡ್ (ಮಾಂತ್ರಿಕ) ಪಾತ್ರದ ಹುಡುಗ, ಬೇರೆ ಮಂತ್ರವನ್ನು ಅಳಿಸುವ ಡಿಸ್ಪೆಲ್ ಮ್ಯಾಜಿಕ್ ಪ್ರಯೋಗಿಸಿದ. ಗೋಡೆ 5ನೇ ಲೆವೆಲ್ಲಿನ ಮಂತ್ರ, ಅವನು ಖರ್ಚು ಮಾಡಿದ ಮಂತ್ರಶಕ್ತಿ (ಸ್ಲಾಟ್) 3ನೇ ಲೆವೆಲ್ಲಿನದು. ಗೋಡೆಯ ಲೆವೆಲ್ ಮೇಲಿನದಾದ್ದರಿಂದ ಡೈಸ್ ಎಸೆಯಬೇಕು: ಹತ್ತಕ್ಕೆ ಮಂತ್ರದ ಲೆವೆಲ್ ಐದು ಸೇರಿಸಿ 15 ಬರಬೇಕು. ಡೈಸ್‌ನಲ್ಲಿ 14, ಇಂಟೆಲಿಜೆನ್ಸಿನ 4 ಸೇರಿ 18. ಗೋಡೆ ಮಾಯ ಅಂದೆ. ಚಪ್ಪಾಳೆಯೋ ಚಪ್ಪಾಳೆ.

ರಾತ್ರಿ ಪುಸ್ತಕ ತೆರೆದಾಗ ಎದೆ ಧಸಕ್ಕೆಂದಿತು. ಅವಧಿ ಪೂರ್ತಿ ಏಕಾಗ್ರತೆ ಹಿಡಿದರೆ ಗೋಡೆ ಶಾಶ್ವತ, ಡಿಸ್ಪೆಲ್‌ಗೆ ಬಗ್ಗದು ಎಂದು ಸ್ಪಷ್ಟವಾಗಿಯೇ ಇದೆ. ಮುಂದಿನ ಭಾನುವಾರ ತಪ್ಪೊಪ್ಪಿಕೊಂಡು ಗೋಡೆ ವಾಪಸ್ ಇಟ್ಟೆ.

"ಅಣ್ಣಾ, ಇದು ಮೋಸ ಐತಿ ನೋಡು. ಗವಿಯಾಗಿನ ಕಂಟಿನ್ಯುಯಲ್ ಫ್ಲೇಮ್ ದೀಪಾನೂ ಶಾಶ್ವತಾನೇ ಅಲ್ವಾ? ಅದನ್ನ ನಾನೇ ಆರಿಸಿದ್ನಲ್ಲ?" ಎಂದ ವಿಝಾರ್ಡ್ ಹುಡುಗ.

ಉತ್ತರ ತಟ್ಟೆಯಲ್ಲೇ ಇತ್ತು. ಒಲೆ ಆರಿಸಿದರೆ ಉರಿ ಹೋಗುತ್ತದೆ, ಸರಿ. ಕರಿದ ಮಿರ್ಚಿ ಮತ್ತೆ ಹಸಿ ಮೆಣಸಿನಕಾಯಿ ಆಗುತ್ತದೇನು? ಆ ದೀಪದ ಅವಧಿ 'ಡಿಸ್ಪೆಲ್ ಆಗುವವರೆಗೆ'. ಅಂದರೆ ಮಂತ್ರ ಅಲ್ಲೇ ನಿಂತು ಉರಿಸುತ್ತಿದೆ. ಎರಡನೇ ಲೆವೆಲ್ಲಿನದಾದ್ದರಿಂದ ಡೈಸ್ ಎಸೆಯುವುದೂ ಬೇಡ, ಆರಿತು. ಗೋಡೆಯಲ್ಲಿ ಮಂತ್ರ ಕೆಲಸ ಮುಗಿಸಿ ಎದ್ದು ಹೋಗಿದೆ. ಉಳಿದದ್ದು ಬರೀ ಕಲ್ಲು. ಕ್ಯೂರ್ ವೂಂಡ್ಸ್‌ನಿಂದ ಮಾಯ್ದ ಗಾಯವೂ ಹಾಗೇ, ಡಿಸ್ಪೆಲ್ ಮಾಡಿದರೆ ಮತ್ತೆ ಬಾಯಿ ಬಿಡುವುದಿಲ್ಲ.

ಈಗ ನಕಾಶೆಯ ಪ್ರತಿ ಮಾಯೆಯ ಪಕ್ಕ ಪೆನ್ಸಿಲ್ಲಲ್ಲಿ 'ಉರಿ' ಅಥವಾ 'ಮಿರ್ಚಿ' ಎಂದು ಬರೆದಿಡುತ್ತೇನೆ. ರೂಪ ಬದಲಿಸುವ ಟ್ರೂ ಪಾಲಿಮಾರ್ಫ್‌ಗೆ 'ಉರಿ': ಎಷ್ಟೇ ವರ್ಷ ಕಪ್ಪೆಯಾಗಿದ್ದರೂ ಮಂತ್ರ ಹಿಡಿದೇ ಇರುತ್ತದೆ, 9ನೇ ಲೆವೆಲ್ ಆದ್ದರಿಂದ 19 ಬೇಕು ಅಷ್ಟೇ. ಮಾಯಾಖಡ್ಗಕ್ಕೆ ಎರಡೂ ಬರೆಯುವುದಿಲ್ಲ. ಹಳೆಯ 3.5 ಆವೃತ್ತಿಯಲ್ಲಿ ಡಿಸ್ಪೆಲ್ ತಾಗಿದರೆ ಅದು ಆಟದ ಒಂದರಿಂದ ನಾಲ್ಕು ಸುತ್ತು ಮಂಕಾಗುತ್ತಿತ್ತು. 5ರಲ್ಲಿ ಮಂತ್ರಗಳು ಮಾತ್ರ ಹೋಗುತ್ತವೆ, ಖಡ್ಗ ಖಡ್ಗವೇ.

ಗೋಡೆ? ಆರಿಂಚು ದಪ್ಪ, ಇಂಚಿಗೆ 30ರಂತೆ 180 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ಬಿದ್ದರೇ ಒಡೆಯುವುದು. ಹುಡುಗ ಲೆಕ್ಕ ಹಾಕಿ ಕೇಳಿದ: "ಹಂಗಾರ ಒನಕೆ ಎಲ್ಲೈತಿ?"