ಬಿಟ್ಟಿ ಕರೆಂಟಿನ ಕಾಲದಲ್ಲಿ ಹಳ್ಳದ ನೀರಿನಿಂದ ವಿದ್ಯುತ್: ನನ್ನ ಅನುಭವ

2023ರ ಜುಲೈಯಲ್ಲಿ ಗೃಹಜ್ಯೋತಿ ಜಾರಿಯಾಗಿ, ಆಗಸ್ಟ್‌ನಿಂದ ಶೂನ್ಯ ಬಿಲ್ಲುಗಳು ಬರತೊಡಗಿದ ಮೇಲೆ ನಮ್ಮ ಹೊಸನಗರ ಸೀಮೆಯಲ್ಲಿ ಕರೆಂಟಿನ ಚರ್ಚೆ ಪೂರ್ತಿಯಾಗಿ ರಾಜಕೀಯದ ಚರ್ಚೆಯಾಗಿಬಿಟ್ಟಿತು. ಒಂದು ಪಕ್ಷದವರು ಇದನ್ನು ಬಡವರಿಗೆ ಸಿಕ್ಕ ನ್ಯಾಯ ಎಂದರು, ಇನ್ನೊಂದು ಪಕ್ಷದವರು ಖಜಾನೆಗೆ ಬಿದ್ದ ತೂತು ಎಂದರು. ಇವರಿಬ್ಬರೂ ಒಪ್ಪಿಕೊಂಡ ಸಂಗತಿ ಒಂದೇ ಒಂದಿತ್ತು: ಇಂಥ ಹೊತ್ತಿನಲ್ಲಿ ತೋಟದ ಹಿಂದಿನ ಹಳ್ಳಕ್ಕೆ ಪೈಪು ಹಾಕಿ, ಚಕ್ರ ತಿರುಗಿಸಿ, ಸ್ವಂತ ಕರೆಂಟು ಮಾಡಲು ಹೊರಟ ನನಗೆ ತಲೆ ಸರಿಯಿಲ್ಲ. ಅವರ ತಕರಾರು ಮೂರು ತೆರನಾಗಿತ್ತು. ಬಿಟ್ಟಿ ಸಿಗುವುದಕ್ಕೆ ದುಡ್ಡು ಸುರಿಯುವುದೇಕೆ ಎಂಬುದು ಮೊದಲನೆಯದು. ದುಡ್ಡು ಹಾಕುವುದೇ ಆದರೆ ಸಬ್ಸಿಡಿ ಸಿಗುವ ಸೋಲಾರ್ ಹಾಕಬಾರದೇ ಎಂಬುದು ಎರಡನೆಯದು. ಒಂದು ಕಿಲೋವ್ಯಾಟ್‌ನಲ್ಲಿ ಏನು ಬೆಂದೀತು ಎಂಬುದು ಮೂರನೆಯದು. ಈಗ ಎರಡು ಮಳೆಗಾಲ ಪೂರ್ತಿ ಯಂತ್ರ ಓಡಿರುವುದರಿಂದ ಮೂರಕ್ಕೂ ಲೆಕ್ಕ ಕೊಡುವ ಧೈರ್ಯ ಬಂದಿದೆ. ಅಂಕಿಗಳೆಲ್ಲ ನೆನಪಿನಿಂದ ಬರೆದವು, ಹತ್ತಕ್ಕೆ ಒಂದು ಹೆಚ್ಚುಕಡಿಮೆ ಇದ್ದೀತು.

ನಮ್ಮ ಹಳ್ಳ ಸೊಪ್ಪಿನಬೆಟ್ಟದ ತಲೆಯಿಂದ ಇಳಿದು ತೋಟದ ಅಂಚಿನಲ್ಲಿ ಹಾಯುತ್ತದೆ. ಅಜ್ಜನ ಕಾಲದಲ್ಲಿ ಅಡಿಕೆ ಮರದ ದಂಬೆ ಹಾಕಿ ಬಚ್ಚಲಿಗೆ ನೀರು ತಂದಿದ್ದು ಇದೇ ಅಬ್ಬಿಯಿಂದ. ಹಳ್ಳದ ನೀರು ತಡೆಯುವ ಮೇಲಿನ ಕಟ್ಟದಿಂದ (ಸಣ್ಣ ಒಡ್ಡಿನಿಂದ) ಯಂತ್ರ ಕೂರಿಸಿದ ಜಾಗಕ್ಕೆ 40 ಮೀಟರ್ ಇಳಿಜಾರು ಸಿಕ್ಕಿತು, ಪೈಪಿನ ಉದ್ದ 200 ಮೀಟರ್. ನೀರು ಜೂನ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಸೆಕೆಂಡಿಗೆ 5 ಲೀಟರ್‌ಗೆ ಎಂದೂ ಕಡಿಮೆಯಾಗುವುದಿಲ್ಲ, ಜುಲೈಯಲ್ಲಂತೂ ಅದರ ಹತ್ತು ಪಟ್ಟು ವ್ಯರ್ಥವಾಗಿ ಕಟ್ಟದ ಮೇಲೆ ಹಾರುತ್ತದೆ.

ಮೊದಲ ವರ್ಷದ ಸೋಲಿಗೆ ಪೈಪೇ ಕಾರಣ. ಮನೆಯಲ್ಲಿ ಸ್ಪ್ರಿಂಕ್ಲರಿನ 63 ಎಂಎಂ ಎಚ್‌ಡಿಪಿಇ ಪೈಪು ಬೇಕಾದಷ್ಟು ಬಿದ್ದಿತ್ತು, ಅದನ್ನೇ ಜೋಡಿಸಿದೆ. ವಾಲ್ವ್ ಮುಚ್ಚಿದ್ದಾಗ ಒತ್ತಡದ ಗೇಜು ಸರಿಯಾಗಿ 4 ಕೆಜಿ (ಅಂದರೆ 40 ಮೀಟರ್ ನೀರಿನ ಒತ್ತಡ) ತೋರಿಸುತ್ತಿತ್ತು, ಚಕ್ರಕ್ಕೆ ನೀರು ಚಿಮ್ಮಿಸುವ ಎರಡು ನಾಜಲ್ ತೆರೆದ ಕೂಡಲೇ ಮೂರಕ್ಕಿಂತ ಕೆಳಗೆ ಕುಸಿಯುತ್ತಿತ್ತು. ಒತ್ತಡ ಹೋದರೆ ಚಿಮ್ಮುವ ನೀರಿನ ವೇಗ ಹೋಗುತ್ತದೆ, ವೇಗ ಹೋದರೆ ಚಕ್ರ ನಿಮಿಷಕ್ಕೆ 1500 ಸುತ್ತಿನ ಹತ್ತಿರವೂ ಸುಳಿಯುವುದಿಲ್ಲ. ಏನೇ ಮಾಡಿದರೂ 500 ವ್ಯಾಟ್ ದಾಟಲಿಲ್ಲ. ಮರುವರ್ಷ 90 ಎಂಎಂ ಪೈಪು ತಂದು, ಕ್ಲ್ಯಾಂಪಿನ ಜೋಡಣೆಗಳನ್ನೆಲ್ಲ ಬಿಟ್ಟು, ಪೂರ್ತಿ ಬೆಸುಗೆ ಹಾಕಿಸಿದೆ. ಗೇಜು ಈಗ ಓಡುವಾಗಲೂ 3.7ರಲ್ಲಿ ನಿಲ್ಲುತ್ತದೆ. ಅದೇ ಹಳ್ಳ, ಅದೇ ಚಕ್ರ, ಅದೇ ನಾಜಲ್ ಇದ್ದರೂ ಕರೆಂಟು 900 ವ್ಯಾಟ್‌ಗೆ ಏರಿತು. ಪೈಪಿಗೆ ಐವತ್ತು ಸಾವಿರದ ಆಸುಪಾಸು ಖರ್ಚಾಯಿತು, ಇಡೀ ಕೆಲಸದಲ್ಲಿ ಅತಿ ದೊಡ್ಡ ಬಾಬ್ತು ಅದೇ. ಇಲ್ಲಿ ಉಳಿಸಲು ಹೋದವರು ಮುಂದೆ ಎಷ್ಟು ಒಳ್ಳೆಯ ಯಂತ್ರ ತಂದರೂ ಸುಖವಿಲ್ಲ.

ಚಕ್ರದ ಕತೆ ಇನ್ನೂ ಸ್ವಾರಸ್ಯದ್ದು. ಮೊದಲನೆಯದನ್ನು ಸ್ಟೀಲಿನ ಸೌಟುಗಳ ಹಿಡಿ ಕತ್ತರಿಸಿ, ತಟ್ಟೆಗೆ ಬೋಲ್ಟ್ ಬಿಗಿದು ಮಾಡಿದ್ದೆ. ಮನೆಯವರ ಟೀಕೆಗಳನ್ನು ಇಲ್ಲಿ ಬರೆಯುವುದು ಬೇಡ. ಲೋಡು, ಅಂದರೆ ಕರೆಂಟು ಎಳೆಯುವ ದೀಪ, ಹೀಟರು, ಇರುವವರೆಗೆ ಅದು ಚೆನ್ನಾಗಿಯೇ ತಿರುಗುತ್ತಿತ್ತು. ಒಂದು ರಾತ್ರಿ ವೈರು ಕಡಿದು ಲೋಡು ತಪ್ಪಿದಾಗ ವೇಗ ಹೆಚ್ಚುಕಡಿಮೆ ಎರಡು ಪಟ್ಟು ಏರಿ, ಎರಡು ಸೌಟುಗಳು ಶೆಡ್ಡಿನ ತಗಡು ತೂರಿ ಹೋದವು. ಆಮೇಲೆ ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಜೋಡಿ ಬಟ್ಟಲಿನ ಪೆಲ್ಟನ್ ಚಕ್ರವನ್ನು ಎರಕ ಹೊಯ್ಯಿಸಿದೆ. ನಾಜಲ್‌ನ ನೀರು ಬಡಿಯುವ ವೃತ್ತದ ವ್ಯಾಸ 160 ಎಂಎಂ, ನಾಜಲ್ ಬಾಯಿ ತಲಾ 11 ಎಂಎಂ. ಈ ಅಳತೆಗೆ 37 ಮೀಟರ್ ಒತ್ತಡದಲ್ಲಿ ಬೆಲ್ಟಿನ ಗೊಡವೆಯಿಲ್ಲದೆ ನೇರವಾಗಿ ಜನರೇಟರಾಗಿ ಬಳಸುವ 1500 ಸುತ್ತಿನ (ನಾಲ್ಕು ಪೋಲಿನ) ಮೋಟರಿಗೆ ಕೂರುತ್ತದೆ. ಬೆಲ್ಟು ಹಾಕಿದವರಿಗೆ ಮಳೆಗಾಲದ ತೇವದಲ್ಲಿ ಅದು ಜಾರುವ ಕಷ್ಟ ಗೊತ್ತಿರುತ್ತದೆ.

ಜನರೇಟರಿಗೆ ನಾನು ಬಳಸಿದ್ದು ಎರಡು ಎಚ್‌ಪಿಯ ಹಳೆಯ ಮೂರು ಫೇಸ್ ಇಂಡಕ್ಷನ್ ಮೋಟರನ್ನು, ಗುಜರಿಯಲ್ಲಿ ಸಿಕ್ಕ ಬೆಲೆ ಐದು ಸಾವಿರ. ಸ್ಟಾರ್ ಪಟ್ಟಿಗಳನ್ನು ತೆಗೆದು ಡೆಲ್ಟಾ ಮಾಡಿ (ಇವು ವೈಂಡಿಂಗ್ ಜೋಡಿಸುವ ಎರಡು ಬಗೆ), ಒಂದು ಫೇಸಿಗೆ ಒಂದು ಪಾಲು, ಇನ್ನೊಂದಕ್ಕೆ ಎರಡು ಪಾಲು ಕೆಪಾಸಿಟರ್ ಹಾಕಿದರೆ 230 ವೋಲ್ಟಿನ ಸಿಂಗಲ್ ಫೇಸ್ ಹೊರಬರುತ್ತದೆ. ಕೆಪಾಸಿಟರ್ ರನ್ನಿಂಗ್ ಜಾತಿಯದೇ ಆಗಿರಬೇಕು, ಸ್ಟಾರ್ಟಿಂಗ್ ಜಾತಿಯದು ಹತ್ತು ನಿಮಿಷದಲ್ಲಿ ಉಬ್ಬಿ ಒಡೆಯುತ್ತದೆ. ಸುಮಾರು 30 ಮತ್ತು 60 ಮೈಕ್ರೋಫ್ಯಾರಡ್‌ನಿಂದ ಶುರು ಮಾಡಬಹುದು. ನಾನು ಕೊನೆಗೆ ನಿಂತ ಅಂಕಿ ಬೇರೆ, ಅದನ್ನು ಕಂಡುಕೊಳ್ಳಲು ಕಳೆದ ರಾತ್ರಿಗಳ ಬೆಲೆಯಾಗಿ ಅದು ನನ್ನಲ್ಲೇ ಇರಲಿ.

ಈ ಮೋಟರಿನ ಒಂದು ಗುಣವನ್ನು ಮಾತ್ರ ಹೇಳಲೇಬೇಕು. ಲೋಡು ಹೊತ್ತುಕೊಂಡೇ ನೀರು ನಿಲ್ಲಿಸಿದರೆ ಅದರ ಒಳಗೆ ಉಳಿದಿರಬೇಕಾದ ಚೂರು ಕಾಂತಶಕ್ತಿ ಅಳಿಸಿಹೋಗುತ್ತದೆ. ಮರುದಿನ ನೀರು ಬಿಟ್ಟರೆ ಚಕ್ರ ಗುಂಯ್ ಎಂದು ಪೂರ್ತಿ ವೇಗದಲ್ಲಿ ತಿರುಗುತ್ತದೆ, ಮೀಟರಿನ ಮುಳ್ಳು ಸೊನ್ನೆಯಿಂದ ಅಲ್ಲಾಡುವುದಿಲ್ಲ. ಮೊದಲ ಸಲ ಹೀಗಾದಾಗ ವೈಂಡಿಂಗ್ ಸುಟ್ಟಿತೆಂದು ಮೋಟರನ್ನು ಪೇಟೆಗೆ ಹೊತ್ತವರು ನಮ್ಮ ಕಡೆ ಇನ್ನೂ ಇಬ್ಬರಿದ್ದಾರೆ. ಚಕ್ರ ನಿಂತಿರುವಾಗ 12 ವೋಲ್ಟಿನ ಬ್ಯಾಟರಿಯ ಎರಡು ತುದಿಯನ್ನು ವೈಂಡಿಂಗಿಗೆ ಒಂದೆರಡು ಸೆಕೆಂಡು ಮುಟ್ಟಿಸಿ ತೆಗೆದು, ಲೋಡಿಲ್ಲದೆ ನೀರು ಬಿಟ್ಟರೆ ಸಾಕು, ಮುಳ್ಳು ಮೊದಲು ತಡವರಿಸಿ, ಆಮೇಲೆ ಒಂದೇ ಏಟಿಗೆ 230ಕ್ಕೆ ನೆಗೆಯುತ್ತದೆ.

ಬಳಸದೆ ಉಳಿಯುವ ಕರೆಂಟನ್ನು ಸುಡಲು ಒಂದು ಲೋಡ್ ಕಂಟ್ರೋಲರ್ ಬೇಕು. ಮನೆಯಲ್ಲಿ ದೀಪ ಆರಿಸಿದರೆ ಅಷ್ಟು ಕರೆಂಟನ್ನು ಅದು ಹೀಟರಿಗೆ ತಿರುಗಿಸಿ ವೇಗವನ್ನು ಕಾಯುತ್ತದೆ. ಮೊದಲನೆಯದನ್ನು ಒಂದು ಅಂಗಡಿಯವರು ಮಾಡಿಕೊಟ್ಟಿದ್ದರು, ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಹಾಕಿದ್ದು, ಇಂಡಕ್ಷನ್ ಜನರೇಟರಿಗೆ ಅದು ಒಗ್ಗದೆ ದೀಪಗಳು ಕುಣಿದವು. ಎರಡನೆಯದು ಸಿಡಿಲಿಗೆ ಹೋಯಿತು. ಮೂರನೆಯದನ್ನು ನಾನೇ ಐಜಿಬಿಟಿ ಎಂಬ ಇನ್ನೊಂದು ಬಗೆಯ ಸ್ವಿಚ್ಚು ಹಾಕಿ ಕಟ್ಟಿದೆ, ಅದು ಇಂದಿಗೂ ಓಡುತ್ತಿದೆ. ಮೂರಕ್ಕೂ ಸೇರಿ ಇಪ್ಪತ್ತೈದು ಸಾವಿರ ಮುಳುಗಿತು, ಹಾಗೆ ನೋಡಿದರೆ ಕೊನೆಯದಕ್ಕೆ ತಗಲಿದ್ದು ಆರು ಸಾವಿರ ಮಾತ್ರ. ಸಿಡಿಲಿಗೆ ಅರೆಸ್ಟರ್, ಒಳ್ಳೆಯ ಅರ್ಥಿಂಗ್ ಎರಡನ್ನೂ ಮನೆಯ ತುದಿ, ಯಂತ್ರದ ತುದಿ ಎರಡರಲ್ಲೂ ಹಾಕಿದ ಮೇಲೆ ಆ ಕಾಟ ತಪ್ಪಿದೆ.

ಪೈಪು, ಚಕ್ರ, ಕೇಬಲ್, ಕಟ್ಟ, ಶೆಡ್ಡು, ಆಳಿನ ಕೂಲಿ ಎಲ್ಲ ಕೂಡಿ, ಸುಟ್ಟದ್ದು ಮುರಿದದ್ದನ್ನೂ ಸೇರಿಸಿದರೆ, ಒಂದೂವರೆ ಲಕ್ಷ ದಾಟಿದೆ. ಇದರಿಂದ ಬಿಲ್ಲಿನಲ್ಲಿ ಎಷ್ಟು ಉಳಿಯಿತೆಂದು ಕೇಳಿದರೆ, ಗೆಳೆಯರ ಮೊದಲ ತಕರಾರಿನಲ್ಲಿ ನಿಜಾಂಶವಿದೆ. ಗೃಹಜ್ಯೋತಿಯಲ್ಲಿ ನಮ್ಮಂಥ ಮನೆಗಳಿಗೆ 2022-23ರ ಸರಾಸರಿಗೆ ಶೇಕಡಾ 10 ಸೇರಿಸಿದ ಮಿತಿಯವರೆಗೆ ಬಿಲ್ಲೇ ಇಲ್ಲ, ಆ ಮಿತಿಯೊಳಗೆ ನಾನು ಉಳಿಸಿದ ಯೂನಿಟ್ಟಿಗೆ ಯಾರೂ ರೂಪಾಯಿ ಕೊಡುವುದಿಲ್ಲ. ಆದರೆ ಮಿತಿ ದಾಟಿದರೆ ದಾಟಿದ್ದಕ್ಕೆ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಹಿಂದಿನ ಸರಾಸರಿ ಅರುವತ್ತು ಯೂನಿಟ್ ಇದ್ದ ನಮ್ಮಂಥ ಮನೆಗೆ ಆ ಮಿತಿಯಲ್ಲಿ ಬೆಳಕು, ಮಿಕ್ಸಿ, ಟಿವಿ ಮುಗಿದರೆ ಸ್ನಾನದ ನೀರು ಕಾಯಿಸಲು ಏನೂ ಉಳಿಯುವುದಿಲ್ಲ. ನನ್ನ ಯಂತ್ರ ದಿನಕ್ಕೆ ಇಪ್ಪತ್ತು ಯೂನಿಟ್ ಮೀರಿ ಕೊಡುತ್ತದೆ, ಏಕೆಂದರೆ ಅದು ರಾತ್ರಿಯೂ ಮಲಗುವುದಿಲ್ಲ. ಆರು ತಿಂಗಳಿಗೆ ಮೂರೂವರೆ ಸಾವಿರ ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೂ ಇಪ್ಪತ್ತೊಂದು ಸಾವಿರ, ಎಲ್ಲವನ್ನೂ ಬಳಸಿದೆ ಎಂದುಕೊಂಡರೆ ಏಳು ವರ್ಷಕ್ಕೆ ಬಂಡವಾಳ ವಾಪಸು. ಆದರೆ ನಾನು ಹೋಲಿಸಬೇಕಾದ ದರ ಅದಲ್ಲ. ಮರ ಬಿದ್ದು ಲೈನು ಹೋದ ವಾರಗಳಲ್ಲಿ ಮೊದಲು ನಾವು ಓಡಿಸುತ್ತಿದ್ದುದು ಸಣ್ಣ ಡೀಸೆಲ್ ಜನರೇಟರನ್ನು, ಲೀಟರಿಗೆ ಎರಡೂವರೆ, ಹೆಚ್ಚೆಂದರೆ ಮೂರು ಯೂನಿಟ್ ಸಿಗುತ್ತಿತ್ತು. ಅಂದರೆ ಯೂನಿಟ್ಟಿಗೆ ಮೂವತ್ತು ರೂಪಾಯಿಗೂ ಮೇಲೆ. ಅದರ ಮೇಲೆ ಬಚ್ಚಲ ಒಲೆಯ ಸೌದೆ. ಹೀಟರನ್ನು ಹಂಡೆಗೇ ಇಳಿಬಿಟ್ಟ ಮೇಲೆ ಮಳೆಗಾಲದ ಸೌದೆ ಅರ್ಧಕ್ಕಿಂತ ಕಡಿಮೆಯಾಗಿದೆ, ಒದ್ದೆ ಸೌದೆಯ ಹೊಗೆ ನುಂಗಿದವರಿಗೆ ಇದರ ಬೆಲೆಯನ್ನು ರೂಪಾಯಿಯಲ್ಲಿ ಹೇಳಬೇಕಿಲ್ಲ.

ಎರಡನೆಯ ತಕರಾರಿಗೆ ಬರೋಣ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂದಾಗ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇರುವುದನ್ನು ತೋರಿಸಿ ಹಲವರು ನನಗೆ ಪಾಠ ಹೇಳಿದರು. ಬಯಲುಸೀಮೆಯವರಾದರೆ ನಾನೂ ಅದನ್ನೇ ಹೇಳುತ್ತೇನೆ, ಪಾವಗಡದ ಬಿಸಿಲಲ್ಲಿ 2,050 ಮೆಗಾವ್ಯಾಟಿನ ಪಾರ್ಕ್ ಸುಮ್ಮನೆ ನಿಂತಿಲ್ಲ. ನಮ್ಮಲ್ಲಿ ಕಷ್ಟ ಇರುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ಪಕ್ಕದ ಮನೆಯ ಮೂರು ಕಿಲೋವ್ಯಾಟ್ ಮಾರ್ಚಿನಲ್ಲಿ ದಿನಕ್ಕೆ ಹನ್ನೆರಡು ಯೂನಿಟ್ ಕೊಟ್ಟರೆ ಜುಲೈಯ ಜಡಿಮಳೆಯಲ್ಲಿ ಎರಡೋ ಮೂರೋ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಗ್ರಿಡ್‌ಗೆ ಕಟ್ಟಿದ ಇನ್ವರ್ಟರ್ ಲೈನು ಹೋದ ಕೂಡಲೇ ತಾನೂ ಆಫ್ ಆಗುತ್ತದೆ, ಲೈನ್‌ಮನ್ನರ ಜೀವ ಕಾಯಲು ಅದು ಹಾಗೆಯೇ ಇರಬೇಕು. ಹೀಗಾಗಿ ಕರೆಂಟು ಬೇಕೇ ಬೇಕಾದ ವಾರದಲ್ಲಿ ಬಿಸಿಲೂ ಇಲ್ಲ, ಲೈನೂ ಇಲ್ಲ. ಹಳ್ಳ ಮಾತ್ರ ಆಗಲೇ ತುಂಬಿ ಹರಿಯುತ್ತಿರುತ್ತದೆ. ಇದನ್ನು ಹೇಳಿದಾಗ ಚರ್ಚೆ ಸಾಮಾನ್ಯವಾಗಿ ಕೆಳಗಿನ ನೀರನ್ನು ಮತ್ತೆ ಮೇಲೆತ್ತಿ ಕರೆಂಟು ಕೂಡಿಡುವ ಶರಾವತಿ ಪಂಪ್ಡ್ ಸ್ಟೋರೇಜಿನತ್ತ ಜಾರುತ್ತದೆ. ತಳಕಳಲೆಗೂ ಗೇರುಸೊಪ್ಪೆಗೂ ನಡುವೆ 2,000 ಮೆಗಾವ್ಯಾಟಿನ ಆ ಯೋಜನೆ 100 ಯೂನಿಟ್ ಖರ್ಚು ಮಾಡಿ ನೀರೆತ್ತಿದರೆ 75ರಿಂದ 80 ಯೂನಿಟ್ ವಾಪಸು ಕೊಡುತ್ತದೆ. ಅದು ಬಿಸಿಲಿನ ಕರೆಂಟನ್ನು ಸಂಜೆಗೆ ದಾಟಿಸುವ ಗೋದಾಮು, ಹೊಸ ಕರೆಂಟಿನ ಮೂಲವಲ್ಲ. ಅದು ಬೇಕೋ ಬೇಡವೋ ಎಂಬ ವಾದದಲ್ಲಿ ನಾನು ಕಾಡಿನ ಪರ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಮಕ್ಕಳು ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಸೀಮೆಯಲ್ಲಿ ಕೂತು ಬೇರೆ ಮಾತಾಡುವುದು ನನಗೆ ಆಗದು. ಆದರೆ ಎರಡೂ ಕಡೆಯವರು ಮೆಗಾವ್ಯಾಟಿನಲ್ಲೇ ಮಾತಾಡುತ್ತಾರೆ, ಎಷ್ಟು ಗಂಟೆ ಎಂದು ಕೇಳುವವರು ಕಡಿಮೆ. 900 ವ್ಯಾಟನ್ನು 24 ಗಂಟೆಯಿಂದ ಗುಣಿಸಿದರೆ ಒಳ್ಳೆಯ ಬಿಸಿಲಿನ ದಿನದ ಐದು ಕಿಲೋವ್ಯಾಟ್ ಸೋಲಾರಿಗೆ ಸಮ, ಮೂರನೆಯ ತಕರಾರಿಗೆ ನನ್ನ ಉತ್ತರ ಇಷ್ಟೇ.

ಹೆಚ್ಚುವರಿ ಕರೆಂಟು ಕೈಯಲ್ಲಿದ್ದರೆ ಸುಮ್ಮನಿರಲು ಆಗುವುದಿಲ್ಲ. ಇಂಡಕ್ಷನ್ ಒಲೆ ಇಟ್ಟು ನೋಡಿದೆ. ಉರಿ ಸಣ್ಣದು ಮಾಡಿದರೆ ಅದು ನಿಜವಾಗಿ ಸಣ್ಣದಾಗುವುದಿಲ್ಲ, ಪೂರ್ತಿ ಉರಿಯನ್ನೇ ಬಿಟ್ಟುಬಿಟ್ಟು ಹಚ್ಚುತ್ತದೆ, ಆ ಏಟಿಗೆ ವೋಲ್ಟೇಜು ಕುಸಿದು ಮನೆಯೇ ಕತ್ತಲಾಯಿತು. ಹಳೆಯ ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವಾಗಲೂ ಇದೇ ಗತಿ, ಇನ್ವರ್ಟರ್ ಜಾತಿಯ ಫ್ರಿಜ್ ತಂದ ಮೇಲೆ ಸರಿಹೋಯಿತು. ಮೊದಲ ಕೊಯ್ಲಿನ ಅಡಿಕೆ ಮಳೆಗೆ ಸಿಕ್ಕಿ ಕಪ್ಪಾಗದಿರಲೆಂದು ಹೀಟರನ್ನು ಒಂದು ಡ್ರೈಯರ್ ಪೆಟ್ಟಿಗೆಗೆ ತಿರುಗಿಸಿದ್ದೆ. ಇಡೀ ದಿನದ ಕರೆಂಟಿಗೆ ಹೆಚ್ಚೆಂದರೆ ಹದಿನೈದು ಲೀಟರ್ ನೀರು ಆರುತ್ತದೆ, ತೋಟದ ಒಂದು ಕೊಯ್ಲಿಗೆ ಅದು ಯಾವ ಮೂಲೆಗೂ ಸಾಲದು. ಬೀಜಕ್ಕೆ, ಮನೆ ಬಳಕೆಗೆ ಬೇಕಾದ ಮೆಣಸು, ಜಾಯಿಕಾಯಿ ಒಣಗಿಸಲು ಮಾತ್ರ ಆ ಪೆಟ್ಟಿಗೆ ಈಗ ಉಳಿದಿದೆ. ಗೆದ್ದದ್ದು ಸ್ಕೂಟರ್. ಅದರ ಚಾರ್ಜರ್ ಎಳೆಯುವುದು ಏಳುನೂರು ವ್ಯಾಟ್ ಚಿಲ್ಲರೆ, ಹೆಚ್ಚುಕಡಿಮೆ ಮಾಡದೆ ಒಂದೇ ಸಮ ಎಳೆಯುತ್ತದೆ, ಎಲ್ಲರೂ ಮಲಗಿದ ಮೇಲೆ ಹಚ್ಚಿದರೆ ಬೆಳಗಿಗೆ ತುಂಬಿರುತ್ತದೆ. ಪೆಟ್ರೋಲು ಲೀಟರಿಗೆ ನೂರು ದಾಟಿರುವಾಗ ಪೇಟೆಗೆ ಹೋಗಿಬರುವ ಖರ್ಚು ಆರು ತಿಂಗಳು ಸೊನ್ನೆ. ರಾಜಕೀಯದಲ್ಲಿ ಎಷ್ಟೇ ದೂರವಿದ್ದರೂ ಸ್ಕೂಟರಿನ ಲೆಕ್ಕವನ್ನು ಮಾತ್ರ ಎಲ್ಲರೂ ಬಿಡಿಸಿ ಬಿಡಿಸಿ ಕೇಳುತ್ತಾರೆ.

ಕಟ್ಟದ ಬಾಯಿಯ ಜರಡಿಯೇ ಇದರ ಜೀವ. ಮೊದಲ ಮಳೆಗೆ ಹಳ್ಳ ತರುವ ತರಗೆಲೆ ಒಂದು ಗಂಟೆಯಲ್ಲಿ ಸಾಮಾನ್ಯ ಜಾಳಿಗೆಯನ್ನು ಮುಚ್ಚಿಬಿಡುತ್ತದೆ, ನಡುರಾತ್ರಿ ಇಂಬಳದ (ಜಿಗಣೆಗಳ) ನಡುವೆ ಟಾರ್ಚ್ ಹಿಡಿದು ಹತ್ತಿ ಹೋಗಬೇಕಾಗುತ್ತದೆ. ಈಗ ನಾನು ವಾರಕ್ಕೊಮ್ಮೆ ಮಾತ್ರ ಮೇಲೆ ಹೋಗುತ್ತೇನೆ. ಎಲೆ ತಾನಾಗಿಯೇ ಜಾರಿ ಹೋಗುವಂತೆ ಜರಡಿಯನ್ನು ಎಷ್ಟು ಓರೆಯಲ್ಲಿ, ಯಾವ ತಂತಿಯಲ್ಲಿ ಕೂರಿಸಿದ್ದೇನೆ ಎಂಬುದನ್ನು ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸಿದ್ದೇನೆ, ಅವರು ಫೋಟೋ ತೆಗೆದಾಗ ತಡೆದಿಲ್ಲ.

ಕೆಳಗಿನ ತೋಟದವರು ಮೊದಮೊದಲು ಕರೆಂಟು ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲವೆಂದು ಅರ್ಧ ತಮಾಷೆಗೆ, ಅರ್ಧ ನಿಜಕ್ಕೇ ಆಕ್ಷೇಪಿಸಿದ್ದರು. ಯಂತ್ರದಿಂದ ಹೊರಬಿದ್ದ ನೀರು ಅವರ ಕಟ್ಟಕ್ಕಿಂತ ಮೇಲೆಯೇ ಹಳ್ಳ ಸೇರುತ್ತದೆ ಎಂಬುದನ್ನು ಕಣ್ಣಾರೆ ನೋಡಿದ ಮೇಲೆ ಆ ಮಾತು ನಿಂತಿತು. ಡಿಸೆಂಬರ್ ನಡುವಿನಿಂದ ನೀರು ಇಳಿದಾಗ ನಾನು ಒಂದು ನಾಜಲ್ ಮುಚ್ಚುತ್ತೇನೆ, ನಾನೂರು ವ್ಯಾಟ್ ಜನವರಿಯ ಕೊನೆಯ ತನಕ ಸಿಗುತ್ತದೆ, ಅಲ್ಲಿಂದ ಮುಂದೆ ನೀರು ತೋಟಕ್ಕೇ ಬೇಕು. ಈ ವರ್ಷ ಅದೇ ಕೆಳಗಿನ ತೋಟದವರು ತಮ್ಮ ಜಾಗವನ್ನು ಅಳೆಸಿದ್ದಾರೆ. ಅವರಿಗೆ ಎತ್ತರ 18 ಮೀಟರ್ ಮಾತ್ರ ಸಿಗುತ್ತದೆ, ನೀರು ನನ್ನದರ ಮೂರು ಪಟ್ಟು. ಅಲ್ಲಿಗೆ ಈ ಚಕ್ರ ನಡೆಯುವುದಿಲ್ಲ, ಕಡಿಮೆ ಎತ್ತರ, ಹೆಚ್ಚು ನೀರಿಗೆ ಒಗ್ಗುವ ಕ್ರಾಸ್‌ಫ್ಲೋ ಚಕ್ರ ಮಾಡಿಸಬೇಕು, ಪೈಪು 160 ಎಂಎಂಗಿಂತ ಕಡಿಮೆ ಹಾಕಬಾರದು ಎಂದು ಹೇಳಿದ್ದೇನೆ. ಅವರು ಸದ್ಯ 110ರ ಬೆಲೆ ವಿಚಾರಿಸುತ್ತಿದ್ದಾರೆ.