ಹನ್ನೊಂದು ಅಡಿ ಅಗಲದ ಕೋಣೆಯಲ್ಲಿ ಎರಡು ಸ್ಪೀಕರ್‌ಗಳನ್ನು ನಿಲ್ಲಿಸಿದ್ದು

ಧಾರವಾಡದ ನಮ್ಮ ಮನೆ ಹಳೆಯದು. ಗೋಡೆಗಳು ದಪ್ಪವಾಗಿವೆ, ನೆಲಕ್ಕೆ ಶಹಾಬಾದಿ ಫರಸಿ ಹಾಸಿದೆ, ಮೇಲೆ ಕಾಂಕ್ರೀಟಿನ ಛಾವಣಿ ಇದೆ. ಪಡಸಾಲೆಗೆ ಹೊಂದಿಕೊಂಡಿರುವ 14 ಅಡಿ ಉದ್ದ, 11 ಅಡಿ ಅಗಲದ ಕೋಣೆಯನ್ನು ಸಂಗೀತ ಕೇಳುವುದಕ್ಕೆಂದೇ ತೆರವು ಮಾಡಿಕೊಂಡು, ಅನೇಕ ವರ್ಷಗಳಿಂದ ಆಸೆಪಟ್ಟಿದ್ದ ಒಂದು ಜೋಡಿ ಫ್ಲೋರ್‌ಸ್ಟ್ಯಾಂಡಿಂಗ್ ಸ್ಪೀಕರ್‌ಗಳನ್ನು ತಂದು ನಿಲ್ಲಿಸಿದೆ. ಅಂಗಡಿಯ ದೊಡ್ಡ ಹಾಲಿನಲ್ಲಿ ಅವುಗಳ ಧ್ವನಿ ತಿಳಿನೀರಿನಂತೆ ಕೇಳಿಸಿತ್ತು. ನಮ್ಮ ಕೋಣೆಯಲ್ಲಿ ಮಾತ್ರ ತಬಲಾ ಜೋಡಿಯ ಮಂದ್ರದ ವಾದ್ಯವಾದ ಡಗ್ಗಾ ಒಂದೇ ಸಮನೆ ಮೊರೆಯುತ್ತಿತ್ತು, ಗಾಯಕರ ಧ್ವನಿ ಆ ಮೊರೆತದ ಹಿಂದೆ ಎಲ್ಲಿಯೋ ಮರೆಯಾಗುತ್ತಿತ್ತು.

ಆಂಪ್ಲಿಫೈಯರ್ ಸಾಲದೆಂದು ನಾನು ಭಾವಿಸಿದ್ದೆ. ಬೇರೆಯದನ್ನು ಕೊಳ್ಳುವ ವಿಚಾರದಲ್ಲಿದ್ದಾಗ ನನ್ನ ಹೆಂಡತಿ, ಒಳಗಿನಿಂದ ಚಹಾ ತಂದವಳು, ಬಾಗಿಲಲ್ಲಿಯೇ ನಿಂತು ಹೇಳಿದಳು: "ಅಡಿಗಿಮನ್ಯಾಗ ನಿಂತ್ರ ತಬಲಾ ಚಂದ ಕೇಳಸ್ತದ್ರೀ, ಇಲ್ಲಿ ಬಂದು ಕುಂತ್ರ ಬರೇ ಗುಂಯ್ ಅಂತದ." ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್, ಅದೇ ಧ್ವನಿಮುದ್ರಣ. ಕೇಳುವ ಜಾಗ ಬದಲಾದೊಡನೆ ಡಗ್ಗಾ ಸರಿಯಾಗುವುದಾದರೆ ದೋಷ ಯಂತ್ರದಲ್ಲಿರಲು ಸಾಧ್ಯವಿಲ್ಲ. ಹಣ ಖರ್ಚು ಮಾಡುವುದನ್ನು ಬಿಟ್ಟು ಅಳತೆಪಟ್ಟಿ ಕೈಗೆತ್ತಿಕೊಂಡೆ.

ಲೆಕ್ಕ ಕಷ್ಟದ್ದಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ ಎದುರುಬದುರು ಗೋಡೆಗಳ ನಡುವೆ ನಿಂತುಬಿಡುವ ಮೊದಲ ಅಲೆಯ ಕಂಪನಸಂಖ್ಯೆ ಸಿಗುತ್ತದೆ. 14 ಅಡಿ ಎಂದರೆ 4.27 ಮೀಟರ್; ಹಾಗಾಗಿ ಮೊದಲ ಅಲೆ 40 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 40 ಕಂಪನ), ಎರಡನೆಯದು 80ರಲ್ಲಿ. ಅಗಲದ ಕಡೆಯಿಂದ 51 ಮತ್ತು 102. ಛಾವಣಿಯ ಎತ್ತರವನ್ನು ಅಳೆದಾಗ ಅದೂ 11 ಅಡಿಯೇ ಆಗಿತ್ತು. ಅಗಲ ಮತ್ತು ಎತ್ತರ ಸಮನಾಗಿರುವ ಕೋಣೆ ಸಂಗೀತಕ್ಕೆ ಒಳ್ಳೆಯದಲ್ಲ, ಏಕೆಂದರೆ ಎರಡರ ಅಲೆಗಳೂ ಒಂದೇ ಕಂಪನಸಂಖ್ಯೆಯಲ್ಲಿ ಒಂದರ ಮೇಲೊಂದು ಬಂದು ಕೂರುತ್ತವೆ. ಮನೆಯನ್ನಂತೂ ಬದಲಾಯಿಸುವಂತಿರಲಿಲ್ಲ.

ನಿಂತ ಅಲೆಯ ಒತ್ತಡ ಗೋಡೆಯ ಬಳಿ ಅತಿ ಹೆಚ್ಚಾಗಿರುತ್ತದೆ. ನನ್ನ ಕುರ್ಚಿ ಹಿಂಗೋಡೆಗೆ ತಾಗಿಕೊಂಡೇ ಇತ್ತು. ಎಂದರೆ 40ರ ಅಲೆಯೂ 80ರ ಅಲೆಯೂ ಉಬ್ಬುವ ಜಾಗದಲ್ಲಿಯೇ ನಾನು ಕಿವಿ ಇಟ್ಟುಕೊಂಡು ಕುಳಿತಿದ್ದೆ. 80 ಹರ್ಟ್ಜ್‌ನ ಅಲೆ ಕೋಣೆಯ ಉದ್ದದ ಕಾಲು ಭಾಗದಲ್ಲಿ, ಅಂದರೆ ಗೋಡೆಯಿಂದ ಮೂರೂವರೆ ಅಡಿಯಲ್ಲಿ, ಶಾಂತವಾಗುತ್ತದೆ. ಕುರ್ಚಿಯನ್ನು ಅಲ್ಲಿಗೆ ಎಳೆದುಕೊಂಡು ಅದೇ ತಬಲಾದ ಧ್ವನಿಮುದ್ರಣವನ್ನು ಮತ್ತೆ ಹಾಕಿದೆ. ಡಗ್ಗಾದ ಮೇಲೆ ಮಣಿಕಟ್ಟು ಜಾರಿ ಸ್ವರ ಏರುವುದು ಆ ಕೋಣೆಯಲ್ಲಿ ಮೊದಲ ಬಾರಿಗೆ ನನಗೆ ಕೇಳಿಸಿತು. ಆವರೆಗೆ ಅದು ಏರದೆ, ಇಳಿಯದೆ, ಒಂದೇ ಸ್ವರದಲ್ಲಿ ಗುಂಯ್ಗುಡುತ್ತಿತ್ತು. ಒಂದು ರೂಪಾಯಿ ಖರ್ಚಿಲ್ಲದೆ ಆದ ಈ ಬದಲಾವಣೆಯೇ ಇಡೀ ಕೆಲಸದಲ್ಲಿ ಅತಿ ದೊಡ್ಡದು ಎಂದು ಇಂದಿಗೂ ನನ್ನ ಅಭಿಪ್ರಾಯ.

ಇದೇ ತರ್ಕ ಸ್ಪೀಕರ್‌ಗಳಿಗೂ ಅನ್ವಯಿಸುತ್ತದೆಂದು ಅವುಗಳನ್ನೂ ಮುಂಗೋಡೆಯಿಂದ ಸರಿಯಾಗಿ ಮೂರೂವರೆ ಅಡಿಗೆ ತಂದೆ. ಅಲ್ಲಿ ತಪ್ಪಿದೆ. ಡಗ್ಗಾ ಈಗ ಒಣಗಿಹೋಯಿತು. ಚರ್ಮದ ಮೇಲೆ ಬೆರಳು ಬಡಿದ ಸದ್ದು ಮಾತ್ರ ಉಳಿದು, ಗರ್ಭದ ನಾದವೇ ಇಲ್ಲದಂತಾಯಿತು. ಕಾರಣವನ್ನು ಹುಡುಕಲು ಎರಡು ದಿನ ಹಿಡಿಯಿತು. ಮಂದ್ರದ ಧ್ವನಿ ಸ್ಪೀಕರಿನಿಂದ ಮುಂದಕ್ಕಷ್ಟೇ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಹಿಂದೆ ಹೋದ ಅಲೆ ಗೋಡೆಗೆ ಬಡಿದು ಮರಳುವಾಗ ಅದು ನಡೆದ ಹೆಚ್ಚುವರಿ ದಾರಿ ಒಂದು ತರಂಗದ ಉದ್ದದ ಅರ್ಧದಷ್ಟಾದರೆ, ನೇರವಾಗಿ ಹೊರಟ ಅಲೆಯನ್ನು ಅದು ಅಳಿಸುತ್ತದೆ. ಮೂರೂವರೆ ಅಡಿಗೆ ಲೆಕ್ಕ ಹಾಕಿದರೆ ಈ ಅಳಿಯುವಿಕೆ ಬರುವುದು 80 ಹರ್ಟ್ಜ್‌ನಲ್ಲಿಯೇ. ಕುರ್ಚಿಯ ಜಾಗವೂ ಸ್ಪೀಕರಿನ ಜಾಗವೂ ಕೂಡಿಕೊಂಡು ಒಂದೇ ಸ್ವರವನ್ನು ಎರಡು ಸಲ ಕತ್ತರಿಸಿದ್ದವು.

ಆಗ ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ಎಂಬ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅಳತೆಗಾಗಿಯೇ ಮಾಡಿದ ಯುಎಸ್‌ಬಿ ಮೈಕ್ ಒಂದನ್ನು ಕುರ್ಚಿಯಲ್ಲಿ ನನ್ನ ಕಿವಿಯ ಎತ್ತರಕ್ಕೆ ನಿಲ್ಲಿಸಿದೆ. ಕಾಲೇಜಿಗೆ ರಜೆ ಇದ್ದ ಮಗ ಸ್ಪೀಕರನ್ನು ಸರಿಸುವುದಕ್ಕೆ ನಿಂತ. "ಅಪ್ಪಾ, ಇನ್ನೊಂದ ಬೊಟ್ಟು ಹಿಂದ ಸರಸ್ಲೇನು?" ಎಂದು ಅವನು ಕೇಳುವುದು, ನಾನು 20ರಿಂದ 200 ಹರ್ಟ್ಜ್‌ವರೆಗೆ ಧ್ವನಿಯ ಏರಿಳಿತದ ಗೆರೆಯನ್ನು ತೆಗೆಯುವುದು, ಫರಸಿಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಮಾಡುವುದು, ಹೀಗೆ ಒಂದು ಇಡೀ ರವಿವಾರ ಕಳೆಯಿತು. ಕೊನೆಗೆ ಸ್ಪೀಕರಿನ ಮುಖ ಗೋಡೆಯಿಂದ 2 ಅಡಿ 8 ಅಂಗುಲದಲ್ಲಿ ನಿಂತಿತು. ಆ ದೂರಕ್ಕೆ ಅಳಿಯುವ ಕಂಪನಸಂಖ್ಯೆ ಸುಮಾರು 106. ಅಗಲದ ಎರಡನೆಯ ಅಲೆ ಉಬ್ಬುವುದು 102ರಲ್ಲಿ. ಕೋಣೆಯ ನಡುಗೆರೆಯ ಮೇಲೆ ಕುಳಿತವನಿಗೆ ಆ ಉಬ್ಬು ತಪ್ಪುವುದಿಲ್ಲ, ಆದ್ದರಿಂದ ಅಲ್ಲಿಯೇ ಒಂದು ತಗ್ಗನ್ನು ತಂದು ಕೂರಿಸಿದ್ದು ಉಪಯೋಗಕ್ಕೆ ಬಂತು. ಎರಡು ಸ್ಪೀಕರ್‌ಗಳ ನಡುವಿನ ಅಂತರ 6 ಅಡಿ 9 ಅಂಗುಲ, ತಾರದ ಧ್ವನಿ ಹೊರಡಿಸುವ ಚಿಕ್ಕ ಭಾಗವಾದ ಟ್ವೀಟರ್ ಪ್ರತಿಯೊಂದರಿಂದ ನನ್ನ ತಲೆಗೆ ಎಂಟೂವರೆ ಅಡಿ. ಸ್ಪೀಕರಿನಿಂದ ಪಕ್ಕದ ಗೋಡೆಗೂ ಮುಂಗೋಡೆಗೂ ಇರುವ ದೂರಗಳು ಒಂದೇ ಆಗದಂತೆ ನೋಡಿಕೊಂಡೆ. ಒಂದೇ ಆದರೆ ಎರಡು ತಗ್ಗುಗಳು ಒಂದೇ ಕಡೆ ಬಿದ್ದು ಆಳವಾಗುತ್ತವೆ.

ಟ್ವೀಟರಿನಿಂದ ತಲೆಗೆ ಇರುವ ದೂರವನ್ನು ಎರಡೂ ಕಡೆ ದಾರ ಹಿಡಿದು ಸಮ ಮಾಡಿದೆವು. ನಂತರ ಮುಖಗಳನ್ನು ಒಳಗೆ ತಿರುಗಿಸುವ ಕೆಲಸ. ಇದಕ್ಕೆ ಹಳೆಯ ಮೋನೊ ಧ್ವನಿಮುದ್ರಣಕ್ಕಿಂತ ಒಳ್ಳೆಯ ಪರೀಕ್ಷಕ ಬೇರೆ ಇಲ್ಲ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಿಂದ ಇಳಿಸಿಕೊಂಡ ಖಯಾಲುಗಳಲ್ಲಿ ಎಡವೂ ಬಲವೂ ಒಂದೇ ಆಗಿರುವುದರಿಂದ ಗಾಯಕರು ಎರಡು ಸ್ಪೀಕರ್‌ಗಳ ನಟ್ಟನಡುವೆ ಕುಳಿತು ಹಾಡಿದಂತೆ ಕೇಳಿಸಬೇಕು. ನೇರವಾಗಿ ನಿಲ್ಲಿಸಿದಾಗ ಧ್ವನಿ ಮೂರು ಅಡಿ ಅಗಲಕ್ಕೆ ಹರಡಿಕೊಂಡಿತ್ತು. ಮುಖಗಳು ನನ್ನ ತಲೆಯ ಸ್ವಲ್ಪ ಹಿಂದೆ ಕೂಡುವಂತೆ ತಿರುಗಿಸಿದಾಗ ಒಂದು ಬಾಯಿಯಷ್ಟಕ್ಕೆ ಬಂದು ನಿಂತಿತು. ಈ ಪರೀಕ್ಷೆಯೇ ಇನ್ನೊಂದು ತಪ್ಪನ್ನೂ ಹೊರಗೆಡವಿತ್ತು: ಮೊದಲ ವಾರ ಎಡ ಸ್ಪೀಕರಿನಲ್ಲಿ ಕೆಂಪು ಮತ್ತು ಕಪ್ಪು ತಂತಿಗಳನ್ನು ನಾನೇ ಅದಲುಬದಲು ಮಾಡಿದ್ದೆ. ಹಾಗಾದಾಗ ಧ್ವನಿಗೆ ನೆಲೆಯೇ ಇರುವುದಿಲ್ಲ, ಮಂದ್ರವೂ ಸೊರಗುತ್ತದೆ. ತಂತಿ ಯಾವುದು ಎನ್ನುವುದಕ್ಕಿಂತ ಇದು ಎಷ್ಟೋ ಮುಖ್ಯ. ನಾನು ಬಳಸಿದ್ದು 2.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿ. ನಾಲ್ಕು ಮೀಟರಿಗೆ ಹೋಗಿ ಬರುವ ದಾರಿಯಲ್ಲಿ ಅದರ ರೋಧ 0.06 ಓಮ್ ಮಾತ್ರ, ಸ್ಪೀಕರಿನ 8 ಓಮ್ ಎದುರಿಗೆ ಅದು ಲೆಕ್ಕಕ್ಕಿಲ್ಲ.

ಫರಸಿಯ ಮೇಲೆ ಸ್ಪೀಕರ್ ಅಲುಗಾಡದಂತೆ ನಿಲ್ಲಿಸುವುದು ತಾಳ್ಮೆಯ ಕೆಲಸ. ಕಲ್ಲಿನ ಮೈ ಸಮನಾಗಿರುವುದಿಲ್ಲ. ಗೌಂಡಿಯವರಿಂದ ರಸಮಟ್ಟ ತಂದು ಸ್ಪೀಕರಿನ ತಲೆಯ ಮೇಲಿಟ್ಟು, ಅಡಿಯ ಮೊನಚು ಕಾಲುಗಳಾದ ನಾಲ್ಕೂ ಸ್ಪೈಕುಗಳನ್ನು ಒಂದೊಂದಾಗಿ ತಿರುವಿ, ಮೂಲೆಯನ್ನು ಅಂಗೈಯಿಂದ ಒತ್ತಿದಾಗ ಟಕ್ ಎನ್ನುವ ಸದ್ದು ನಿಲ್ಲುವವರೆಗೆ ಮಾಡಿದೆ. ಕಲ್ಲಿಗೆ ಕುಳಿ ಬೀಳದಂತೆ ಕೆಳಗೆ ಒಂದೊಂದು ನಾಣ್ಯ ಇಟ್ಟಿದ್ದೇನೆ.

ಕೋಣೆಯ ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ನೆಲಕ್ಕೂ ಛಾವಣಿಗೂ ನಡುವೆ ಟರ್ರ್ ಎಂಬ ಪ್ರತಿಧ್ವನಿ ಓಡುತ್ತಿತ್ತು. ತವರಿನಿಂದ ಬಂದಿದ್ದ ನವಲಗುಂದದ ಜಮಖಾನವನ್ನು ಹಾಸಿದರೂ ಅದು ಪೂರ್ತಿ ಹೋಗಲಿಲ್ಲ. ತೆಳುವಾದ ಹಾಸು ಅತಿ ತಾರದ ಧ್ವನಿಯನ್ನಷ್ಟೇ ಹೀರುತ್ತದೆ. ಜಮಖಾನದ ಅಡಿಗೆ ತೆಳ್ಳನೆಯ ಹತ್ತಿಯ ಗಾದಿ ಹಾಕಿದ ಮೇಲೆ ನಿಂತಿತು. ಪಕ್ಕದ ಗೋಡೆಗಳಿಗೆ ಕನ್ನಡಿಯ ಉಪಾಯ: ಮಗ ಗೋಡೆಗುಂಟ ಕನ್ನಡಿ ಸರಿಸುತ್ತ ಹೋದ, ಕುರ್ಚಿಯಿಂದ ನನಗೆ ಸಮೀಪದ ಸ್ಪೀಕರಿನ ಟ್ವೀಟರ್ ಅದರಲ್ಲಿ ಕಂಡ ಜಾಗಕ್ಕೆ ಗುರುತು ಹಾಕಿದೆವು. ಧ್ವನಿ ಪಕ್ಕದ ಗೋಡೆಗೆ ಬಡಿದು ನನ್ನ ಕಿವಿಗೆ ಬರುವುದು ಆ ಜಾಗದಿಂದಲೇ. ಅದು ಮುಂಗೋಡೆಯಿಂದ ಐದು ಅಡಿಗೆ ತುಸು ಕಡಿಮೆ ಇತ್ತು. ಅಲ್ಲಿಗೆಂದು ಬಡಗಿಯಿಂದ 4 ಅಡಿ ಎತ್ತರ, 2 ಅಡಿ ಅಗಲದ ಚೌಕಟ್ಟು ಮಾಡಿಸಿ, ಕಲ್ಲಿನ ಎಳೆಗಳಿಂದ ಮಾಡಿದ, ಧ್ವನಿ ಹೀರುವ ರಾಕ್‌ವುಲ್ಲನ್ನು 50 ಮಿಲಿಮೀಟರ್ ದಪ್ಪಕ್ಕೆ ತುಂಬಿ, ಮೇಲೆ ಖಾದಿ ಬಟ್ಟೆ ಹೊದಿಸಿದೆ. ಬಟ್ಟೆ ಕೊಳ್ಳುವಾಗ ಬಾಯಿಗೆ ಹಿಡಿದು ಊದಿ ನೋಡಬೇಕು. ಉಸಿರು ಸಲೀಸಾಗಿ ಆಚೆ ಹೋದರೆ ಧ್ವನಿಯೂ ಹೋಗುತ್ತದೆ. ರಾಕ್‌ವುಲ್ ತುಂಬುವಾಗ ಕೈಗವಸು ಮತ್ತು ಮಾಸ್ಕ್ ಬೇಕೇ ಬೇಕು, ಅದರ ಎಳೆಗಳು ಚರ್ಮಕ್ಕೆ ಚುಚ್ಚಿ ದಿನವಿಡೀ ಕೆರೆತ ಬರಿಸುತ್ತವೆ.

ಇಷ್ಟಾದ ಮೇಲೆ ತಂಬೂರಿಯನ್ನು ಕೇಳಿದೆ. ಹಾರ್ಮೋನಿಯಂನ ಕಪ್ಪು ಎರಡು ಅಥವಾ ಬಿಳಿ ಒಂದರಲ್ಲಿ ಹಾಡುವ ಗಂಡುಧ್ವನಿಗೆ ಶ್ರುತಿ ಕೂಡಿಸಿದ ತಂಬೂರಿಯ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿ 65ರಿಂದ 80 ಹರ್ಟ್ಜ್‌ನ ಒಳಗೆ ಬರುತ್ತದೆ. ಎಂದರೆ ನಮ್ಮ ಕೋಣೆ ಹಾಳುಮಾಡುತ್ತಿದ್ದ ನೆಲೆಯ ಅಂಚಿನಲ್ಲಿಯೇ. ಮೊದಲು ನಾಲ್ಕು ತಂತಿಗಳು ಕಲಸಿಹೋಗಿ ಒಂದು ಮಂಜಿನಂತೆ ಕೇಳುತ್ತಿದ್ದವು. ಈಗ ಪಂಚಮ ಮೀಟಿದ್ದು, ಜೋಡಿ ತಂತಿಗಳು ಒಂದರ ಹಿಂದೊಂದು ನುಡಿದದ್ದು, ಖರ್ಜ ಇಳಿದು ತಂಬೂರಿಯ ಕುದುರೆಯ ಜವಾರಿಯ ಮೇಲೆ ಉಜ್ಜುತ್ತ ಅದರೊಳಗಿಂದ ಗಾಂಧಾರ ನಿಧಾನವಾಗಿ ಮೂಡಿದ್ದು ಬೇರೆ ಬೇರೆಯಾಗಿ ಕೇಳಿಸಿದವು. ನಾನು ಹಾಡು ಶುರುವಾಗುವ ಮೊದಲೇ ಅದನ್ನು ಮತ್ತೆ ಹಿಂದಕ್ಕೆ ತಂದು ಮೂರು ಸಲ ಕೇಳಿದೆ.

51 ಹರ್ಟ್ಜ್‌ನ ಉಬ್ಬು ಇನ್ನೂ ಸ್ವಲ್ಪ ಉಳಿದಿದೆ. ಅದನ್ನು ಹೀರಬೇಕೆಂದರೆ ಮೂಲೆಗಳಲ್ಲಿ ಒಂದಡಿಯಷ್ಟು ದಪ್ಪಕ್ಕೆ ರಾಕ್‌ವುಲ್ ಪೇರಿಸಬೇಕು; ಬಲಮೂಲೆಯಲ್ಲಿ ನೆಲದಿಂದ ಛಾವಣಿಯವರೆಗೆ ಪೇರಿಸಿದ್ದೇನೆ, ಎಡಮೂಲೆಯಲ್ಲಿ ಬಾಗಿಲು ಇರುವುದರಿಂದ ಆಗಿಲ್ಲ. ಬೇಸಿಗೆಯಲ್ಲಿ ಕಿಟಕಿಗಳು ತೆರೆದಿರುವಾಗ ಮಂದ್ರ ಒಂದಿಷ್ಟು ಹೊರಗೆ ಹೋಗಿ ಆ ಉಬ್ಬು ಗೊತ್ತಾಗುವುದಿಲ್ಲ. ಜೂನ್‌ನಲ್ಲಿ ಜಿಟಿಜಿಟಿ ಮಳೆ ಹಿಡಿದು ಕಿಟಕಿ ಮುಚ್ಚಿದಾಗ ಸ್ಪೀಕರ್‌ಗಳ ಹಿಂದೆ ಮಂದ್ರ ಹೊರಬರುವ ತೂತುಗಳಾದ ಪೋರ್ಟುಗಳಿಗೆ ಅವುಗಳ ಜೊತೆಯಲ್ಲಿಯೇ ಬಂದ ಸ್ಪಂಜಿನ ಬಿರಡೆಗಳನ್ನು ತುರುಕುತ್ತೇನೆ, ದಸರೆಯ ಹೊತ್ತಿಗೆ ತೆಗೆಯುತ್ತೇನೆ.